ಕ್ಲಚ್ ಕವರ್ ಪ್ಯಾಕಿಂಗ್ ಕೂರುತ್ತಿಲ್ಲವಾ? ಪಾನಾ ಪಕ್ಕಕ್ಕಿಟ್ಟು ಮೊದಲು ಕವರಿನ ಮಾರಿ ನೋಡಿ

ಕಲಬುರಗಿಯ ನಮ್ಮ ಮನೆ ಮುಂದಿನ ಶಹಾಬಾದ್ ಫರ್ಸಿಯ ಮೇಲೆ ಅಂಗೈ ಅಗಲದ ಒಂದು ಕಪ್ಪು ಕಲೆ ಇದೆ. ಸೋಡಾ ಹಾಕಿ ಉಜ್ಜಿದ್ದಾಯಿತು, ಸಾಬೂನು ಪುಡಿ ಹಾಕಿ ರಾತ್ರಿಯಿಡೀ ನೆನೆಸಿದ್ದಾಯಿತು, ಹೋಗಿಲ್ಲ. ಈ ಕಲ್ಲು ಒಮ್ಮೆ ಆಯಿಲ್ ಕುಡಿದರೆ ಬಿಡುವುದಿಲ್ಲ. ಆ ಕಲೆ ನನ್ನ 14 ವರ್ಷದ 100 ಸಿಸಿ ಗಾಡಿಯದ್ದು. ಸರಿಯಾಗಿ ಹೇಳಬೇಕೆಂದರೆ ನನ್ನದೇ.

ಬಲಗಡೆಯ ಕ್ಲಚ್ ಕವರ್ ಸೋರುತ್ತಿತ್ತು. ಒಂದೇ ತಿಂಗಳಲ್ಲಿ ಮೂರು ಸಲ ಪ್ಯಾಕಿಂಗ್ ಬದಲಿಸಿದೆ. ಪ್ರತಿ ಸಲವೂ ಹಿಂದಿನದಕ್ಕಿಂತ ಜಾಸ್ತಿ ಬಿಗಿ ಮಾಡಿದೆ, ಪ್ರತಿ ಸಲವೂ ಸೋರಿತು. ಮೂರನೇ ಸಲ ಬೋಲ್ಟ್ ಸುಮ್ನೆ ತಿರುಗತೊಡಗಿತು, ಹೊರಗೆ ತೆಗೆದು ನೋಡಿದರೆ ಅದರ ಸುತ್ತ ಅಲ್ಯೂಮಿನಿಯಂ ಥ್ರೆಡ್ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿತ್ತು. ಗಾಡಿ ತಳ್ಳಿಕೊಂಡು ಗ್ಯಾರೇಜಿನ ಚಾಚಾನ ಹತ್ತಿರ ಹೋದೆ. ಅವರು ಕವರ್ ಬಿಚ್ಚಿ, ಪ್ಯಾಕಿಂಗ್ ಕೂರುವ ಅಂಚಿನ ಮೇಲೆ ಉಗುರು ಎಳೆದು ಅಂದರು: "ಪ್ಯಾಕಿಂಗ್ ಏನ್ ಮಾಡ್ತದ ತಮ್ಮಾ? ಮಾರಿ ಹೊಲಸ ಅದ. ಮೊದ್ಲ ಮಾರಿ ತೊಳಿ."

ಮಾರಿ ಅಂದರೆ ನಮ್ಮ ಕಡೆ ಮುಖ, ಇಲ್ಲಿ ಕವರ್ ಮತ್ತು ಎಂಜಿನ್ ಒಂದಕ್ಕೊಂದು ಕೂಡುವ ಮಟ್ಟಸವಾದ ಅಂಚು. ಆ ಮಾತು ನನಗೆ ಹಿಡಿಸಿಬಿಟ್ಟಿದೆ, ಹಾಗಾಗಿ ಈ ಬರಹದಲ್ಲಿ ಅದನ್ನೇ ಬಳಸುತ್ತೇನೆ. ಆಯಿಲ್ ಸೋರದಂತೆ ಅವೆರಡರ ನಡುವೆ ಕೂರಿಸುವ ಗ್ಯಾಸ್ಕೆಟ್ ಅನ್ನುವುದಕ್ಕೂ ಪ್ಯಾಕಿಂಗ್ ಅಂತಲೇ ಬರೆಯುತ್ತೇನೆ, ನಮ್ಮ ಕಡೆ ಅಂಗಡಿಯಲ್ಲಿ ಹಾಗೆ ಕೇಳಿದರೇ ಬೇಗ ಸಿಗುವುದು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಹೊತ್ತು ಕೆರೆಯುವುದಕ್ಕೇ ಹೋಗಬೇಕು. ಬೋಲ್ಟ್ ಬಿಗಿ ಮಾಡುವುದು ಕೊನೆಯ ಹತ್ತು ನಿಮಿಷ.

ಮೊದಲು, ಸೋರುತ್ತಿರುವುದು ಪ್ಯಾಕಿಂಗೇನಾ?

ಆಯಿಲ್ ಸೋರುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ತೂಕ ಕೆಳಕ್ಕೆ ಎಳೆಯುತ್ತದೆ, ಮೇಲೆ ನಮ್ಮೂರಿನ ಧೂಳು ಕೂತು ಎಲ್ಲವೂ ಒಂದೇ ಕಪ್ಪು ಮೆತ್ತೆ ಆಗಿಬಿಡುತ್ತದೆ. ಎಂಜಿನ್ ತಣ್ಣಗಿರುವಾಗ ಡೀಸೆಲ್ ಇಲ್ಲವೇ ಚಿಮಣಿ ಎಣ್ಣೆಯಲ್ಲಿ ಬ್ರಷ್ ಅದ್ದಿ ಆ ಭಾಗವನ್ನೆಲ್ಲ ತೊಳೆಯಿರಿ. ಆಮೇಲೆ ಸಾಬೂನು ನೀರು ಹಾಕಿ, ಒರೆಸಿ, ಪೂರ್ತಿ ಒಣಗಿಸಿ. ಕವರಿನ ಅಂಚಿನ ಸುತ್ತ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಜಗತ್ ಸರ್ಕಲ್ ತನಕ ಹೋಗಿ ಬನ್ನಿ. ಪೌಡರಿನಲ್ಲಿ ಒದ್ದೆ ಗೆರೆ ಮೂಡಿರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಜಾಗ ಹುಡುಕಿ. ಸೋರಿಕೆ ಶುರುವಾಗುವುದು ಅಲ್ಲಿಂದ.

ಗೆರೆ ಕಿಕ್ಕರ್ ಬುಡದಿಂದ ಹೊರಟಿದ್ದರೆ ತಪ್ಪು ಪ್ಯಾಕಿಂಗಿನದಲ್ಲ, ಕಿಕ್ ಶಾಫ್ಟಿನ ಆಯಿಲ್ ಸೀಲಿನದು. ಎಂಜಿನ್ ಕೆಳಗಿನಿಂದಾದರೆ ಡ್ರೇನ್ ಬೋಲ್ಟಿನ ವಾಷರ್ ನೋಡಿ. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಎಂಜಿನ್ನಿಗೆ ಉಸಿರಾಡಲು ಬ್ರೀದರ್ ಪೈಪ್ ಅಂತ ಒಂದು ರಬ್ಬರ್ ನಳಿಗೆ ಇರುತ್ತದೆ. ಅದು ಮಡಚಿಕೊಂಡಿದ್ದರೆ, ಧೂಳು ಜಿಡ್ಡಿನಿಂದ ಕಟ್ಟಿಕೊಂಡಿದ್ದರೆ, ಒಳಗಿನ ಒತ್ತಡ ಏರಿ ಆಯಿಲ್ಲನ್ನು ಸಿಕ್ಕ ಸಂದಿಯಿಂದ ಹೊರಗೆ ತಳ್ಳುತ್ತದೆ. ಆಗ ಎಂಥ ಹೊಸ ಪ್ಯಾಕಿಂಗ್ ಹಾಕಿದರೂ ಅಷ್ಟೆ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದರೂ ಇದೇ ತೊಂದರೆ ಬರಬಹುದು. ಎರಡನ್ನೂ ನೋಡಲು ಐದು ನಿಮಿಷ ಸಾಕು.

ಬೇಕಾದ ಸಾಮಾನು

8 ನಂಬರಿನ ಟಿ ಪಾನಾ, ಕಿಕ್ಕರ್ ಮತ್ತು ಫುಟ್‌ರೆಸ್ಟ್ ಬೋಲ್ಟಿಗೆ ನಿಮ್ಮ ಗಾಡಿಯ ಅಳತೆಯ ಪಾನಾ, ಡ್ರೇನ್ ಬೋಲ್ಟಿನ ಪಾನಾ (ಬಹಳ ಗಾಡಿಗಳಲ್ಲಿ 17), ಮರದ ಅಥವಾ ಪ್ಲಾಸ್ಟಿಕ್ ಸುತ್ತಿಗೆ, ಹಳೇ ಬನಿಯನ್ ಬಟ್ಟೆ, ಆಯಿಲ್ ಹಿಡಿಯಲು ಅಗಲ ಬಾಯಿಯ ಡಬ್ಬ. ಹೊಸ ಪ್ಯಾಕಿಂಗ್, ಕಿಕ್ ಶಾಫ್ಟ್ ಸೀಲ್, ಡ್ರೇನ್ ಬೋಲ್ಟ್ ವಾಷರ್, ಹೊಸ ಆಯಿಲ್. ಅಂಗಡಿಗೆ ಹೋಗುವಾಗ ಗಾಡಿಯ ಮಾಡೆಲ್ ಜೊತೆ ವರ್ಷವನ್ನೂ ಹೇಳಿ, ಹೆಸರು ಒಂದೇ ಇದ್ದರೂ ಕವರ್ ಬದಲಾಗಿರುತ್ತದೆ. ಆಗುವುದಾದರೆ ಎರಡು ಪ್ಯಾಕಿಂಗ್ ತನ್ನಿ. ದೊಡ್ಡ ಖರ್ಚಲ್ಲ. ಕವರ್ ಬಿಚ್ಚಿಟ್ಟ ಮೇಲೆ ಒಂದು ಹರಿದರೆ ಮತ್ತೆ ನಮ್ಮೂರ ಪೇಟೆಯಾದ ಸೂಪರ್ ಮಾರ್ಕೆಟ್ಟಿಗೆ ಆಟೋದಲ್ಲಿ ಹೋಗಬೇಕಾಗುತ್ತದೆ, ಯಾಕೆಂದರೆ ಗಾಡಿ ಬಿಚ್ಚಿದೆ ಅಲ್ವಾ.

ಏಪ್ರಿಲ್, ಮೇ ತಿಂಗಳಾದರೆ ಬೆಳಗ್ಗೆ ಆರಕ್ಕೇ ಕೂತುಬಿಡಿ. 42 ಡಿಗ್ರಿ ಬಿಸಿಲಿನಲ್ಲಿ ಬೆವರು ಕಣ್ಣಿಗೆ ಇಳಿಯುತ್ತಿದ್ದರೆ ಕೆರೆಯುವ ಕೆಲಸಕ್ಕೆ ಬೇಕಾದ ತಾಳ್ಮೆ ಯಾರಿಗೂ ಇರುವುದಿಲ್ಲ. ಗಾಳಿಯ ದಿನ ಬೇಡವೇ ಬೇಡ. ತೆರೆದ ಎಂಜಿನ್ನಿಗೆ ಕಪ್ಪು ಮಣ್ಣಿನ ಧೂಳು ಹೊಕ್ಕರೆ ಸೋರಿಕೆಗಿಂತ ದೊಡ್ಡ ಕೆಲಸ ಬೀಳುತ್ತದೆ.

ಬಿಚ್ಚುವುದು

ಎಂಜಿನ್ ಎರಡು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆರಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ಆಯಿಲ್ ಇಳಿಸಿ. ಫರ್ಸಿಯ ಮೇಲೆ ರಟ್ಟು ಹಾಸಿ, ನನ್ನ ಹಾಗೆ ಮಾಡಬೇಡಿ. ಆಯಿಲ್ ತೊಟ್ಟಿಕ್ಕುವುದು ನಿಂತ ಮೇಲೆ ಸೈಲೆನ್ಸರ್ ಪೂರ್ತಿ ತಣ್ಣಗಾಗುವ ತನಕ ಚಹಾ ಕುಡಿಯಿರಿ. ಕಿಕ್ಕರ್, ಫುಟ್‌ರೆಸ್ಟ್, ಬ್ರೇಕ್ ಪೆಡಲ್, ಕೆಲವು ಗಾಡಿಗಳಲ್ಲಿ ಸೈಲೆನ್ಸರ್ ಕೂಡ ತೆಗೆಯಬೇಕಾಗುತ್ತದೆ. ಕ್ಲಚ್ ಕೇಬಲ್ ಸಡಿಲ ಮಾಡಿ ಕವರಿನಿಂದ ಬಿಡಿಸಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಕವರ್ ಬೋಲ್ಟುಗಳು ನೋಡಲು ಒಂದೇ ಥರ, ಉದ್ದ ಮಾತ್ರ ಬೇರೆ ಬೇರೆ. ಮಿಠಾಯಿ ಡಬ್ಬಿಯ ಮುಚ್ಚಳದ ಮೇಲೆ ಕವರಿನ ಆಕಾರ ಗೀಚಿ, ಬೋಲ್ಟ್ ಇರುವ ಜಾಗದಲ್ಲೆಲ್ಲ ತೂತು ಮಾಡಿ, ಬಿಚ್ಚಿದ ಬೋಲ್ಟನ್ನು ಆಯಾ ತೂತಿಗೇ ಚುಚ್ಚಿಡಿ. ಇದನ್ನು ಮಾಡದೆ ಎಲ್ಲವನ್ನೂ ಒಂದು ಬಟ್ಟಲಿಗೆ ಹಾಕಿದರೆ, ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋಗಿ ತಳ ಮುಟ್ಟಿ ನಿಂತುಬಿಡುತ್ತದೆ. ಕೈಗೆ ಬಿಗಿಯಾದ ಹಾಗೆ ಅನಿಸುತ್ತದೆ, ಕವರ್ ಮಾತ್ರ ಅಲ್ಲಿ ಒತ್ತಿರುವುದಿಲ್ಲ. ಗಿಡ್ಡದ್ದು ಉದ್ದದ ಜಾಗಕ್ಕೆ ಹೋದರೆ ಎರಡು ಮೂರು ಸುತ್ತು ಥ್ರೆಡ್ ಮಾತ್ರ ಹಿಡಿದು ಕಿತ್ತು ಬರುತ್ತದೆ. ನನ್ನದು ಕಿತ್ತದ್ದು ಹೀಗೇ.

ಎಲ್ಲ ಬೋಲ್ಟ್ ತೆಗೆದರೂ ಕವರ್ ಜಗ್ಗದಿದ್ದರೆ ಮೊದಲು ಬೋಲ್ಟ್ ಎಣಿಸಿ. ಒಂದು ಎಲ್ಲೋ ಜಿಡ್ಡಿನಡಿ ಅಡಗಿರುತ್ತದೆ. ಎಣಿಕೆ ಸರಿ ಇದ್ದರೆ ಸುತ್ತಲೂ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಒಂದೇ ಜಾಗಕ್ಕೆ ಬಾರಿಸಬೇಡಿ. ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟುವ ಆಸೆ ಬಂದೇ ಬರುತ್ತದೆ. ಬೇಡ. ಕವರ್ ಅಲ್ಯೂಮಿನಿಯಂ, ಸ್ಕ್ರೂಡ್ರೈವರ್ ಉಕ್ಕು. ಒಮ್ಮೆ ಮಾರಿಯ ಮೇಲೆ ಗೀರು ಬಿತ್ತೆಂದರೆ ಆಯಿಲ್ಲಿಗೆ ಕಾಯಂ ದಾರಿ ಸಿಕ್ಕಿತು ಅಂತಲೇ ಲೆಕ್ಕ. ಕೆಲವು ಕವರುಗಳಲ್ಲಿ ಮೀಟಲೆಂದೇ ಹೊರಗೆ ಚಾಚಿದ ಸಣ್ಣ ಕಿವಿ ಇರುತ್ತದೆ, ಇದ್ದರೆ ಅಲ್ಲಿ ಮಾತ್ರ.

ಕವರ್ ಬಂದ ಕೂಡಲೇ ಎರಡು ಟೊಳ್ಳು ಪಿನ್ ಎಲ್ಲಿವೆ ನೋಡಿ. ಡೋವೆಲ್ ಪಿನ್ ಅನ್ನುತ್ತಾರೆ. ಕವರ್ ಸರಿಯಾದ ಜಾಗದಲ್ಲೇ ಕೂರುವಂತೆ ಮಾಡುವುದು ಇವೇ. ಒಂದು ಕವರಿನಲ್ಲಿ ಉಳಿದಿರಬಹುದು, ಇನ್ನೊಂದು ಎಂಜಿನ್ ಕಡೆ ಇರಬಹುದು, ಅಥವಾ ಆಯಿಲ್ ಡಬ್ಬದಲ್ಲಿ ಮುಳುಗಿರಬಹುದು. ಹಳೇ ಆಯಿಲ್ ಚೆಲ್ಲುವ ಮೊದಲು ಡಬ್ಬದ ತಳ ತಡವಿ ನೋಡಿ.

ಮಾರಿ ತೊಳೆಯುವುದು

ಹಳೇ ಕಾಗದದ ಪ್ಯಾಕಿಂಗ್ ಹರಿದು ಅರ್ಧ ಎಂಜಿನ್ನಿಗೆ, ಅರ್ಧ ಕವರಿಗೆ ಅಂಟಿರುತ್ತದೆ. ಹಿಂದೆ ಯಾರೋ ಅನಾಬಾಂಡ್ (ಟ್ಯೂಬಿನಲ್ಲಿ ಬರುವ ಸೀಲಂಟ್ ಅಂಟು) ಮೆತ್ತಿದ್ದರೆ ಇನ್ನೂ ಗಟ್ಟಿ. ತೆಗೆಯುವ ಮೊದಲು ಎಂಜಿನ್ ಕಡೆಯ ಎಲ್ಲ ತೆರೆದ ಜಾಗಗಳಿಗೆ ಬಟ್ಟೆ ತುರುಕಿ, ಎಷ್ಟು ತುಂಡು ತುರುಕಿದಿರಿ ಎಣಿಸಿ ಗೋಡೆಯ ಮೇಲೆ ಬರೆದಿಡಿ. ಹಾಸ್ಯ ಮಾಡುತ್ತಿಲ್ಲ. ಒಳಗೆ ಉಳಿದ ಬಟ್ಟೆ ಗೇರಿಗೆ ಸುತ್ತಿಕೊಳ್ಳುತ್ತದೆ.

ಹಳೇ ಪ್ಯಾಕಿಂಗಿನ ಮೇಲೆ ಗ್ಯಾಸ್ಕೆಟ್ ರಿಮೂವರ್ ಇಲ್ಲವೇ ಥಿನ್ನರ್ ಅದ್ದಿದ ಬಟ್ಟೆ ಇಟ್ಟು ಹತ್ತು ಹದಿನೈದು ನಿಮಿಷ ಬಿಡಿ. ಗಾಳಿಯಾಡುವ ಜಾಗದಲ್ಲಿ, ಬೀಡಿ ಸಿಗರೇಟಿನಿಂದ ದೂರ. ಪೇಂಟಿಗೂ ರಬ್ಬರ್ ಸೀಲಿಗೂ ತಾಗದಿರಲಿ. ಮೆತ್ತಗಾದ ಮೇಲೆ ಕೆರೆಯಿರಿ. ಯಾವುದರಿಂದ? ಬಿದಿರಿನ ಸೀಳು, ಗಟ್ಟಿ ಪ್ಲಾಸ್ಟಿಕ್ ಸ್ಕೇಲಿನ ತುಂಡು, ಹಿತ್ತಾಳೆ ಪಟ್ಟಿ. ಬ್ಲೇಡ್ ಬಳಸಲೇಬೇಕಾದರೆ ಅದನ್ನು ಬಹುತೇಕ ಮಲಗಿಸಿ ಹಿಡಿಯಿರಿ, ಮೂಲೆ ಚುಚ್ಚದ ಹಾಗೆ. ಡ್ರಿಲ್ಲಿಗೆ ವೈರ್ ಬ್ರಷ್ ಹಾಕಿ ಒಂದು ನಿಮಿಷದಲ್ಲಿ ಮುಗಿಸುವವರನ್ನು ನೋಡಿದ್ದೇನೆ. ಅದು ಕಾಗದದ ಜೊತೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಅಲ್ಲಲ್ಲಿ ತಗ್ಗು ಬೀಳುತ್ತದೆ, ಪುಡಿ ಬೇರಿಂಗಿಗೆ ಹೋಗುತ್ತದೆ. ಎಂಜಿನ್ ಕಡೆಯ ಮಾರಿಗೆ ಪಾಲಿಶ್ ಪೇಪರ್ ಕೂಡ ಹಚ್ಚಬೇಡಿ, ಕಾರಣ ಅದೇ.

ಕಣ್ಣಿಗೆ ಸ್ವಚ್ಛ ಕಂಡರೆ ಮುಗಿಯಿತು ಅಂದುಕೊಳ್ಳಬೇಡಿ. ಚಾಚಾ ಮಾಡಿದ ಹಾಗೆ ಉಗುರು ಎಳೆಯಿರಿ. ಉಗುರು ತಡೆದರೆ ಅಲ್ಲಿ ಇನ್ನೂ ಏನೋ ಇದೆ. ಸಾಮಾನ್ಯವಾಗಿ ಕಾಗದದ ಪ್ಯಾಕಿಂಗ್ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತದೆ ಅಷ್ಟೆ. ಅದರ ಕೆಳಗೆ ಹಳೇ ಕಾಗದದ ಒಂದು ಚೂರು ಉಳಿದರೂ ಪಕ್ಕದಲ್ಲಿ ಸಂದಿ ಬೀಳುತ್ತದೆ. ನನ್ನ ಗಾಡಿಯಲ್ಲಿ ಉಳಿದದ್ದು ಕೆಳಗಿನ ಮೂಲೆಯಲ್ಲಿ, ಜೋಳದ ಕಾಳಿನ ಅರ್ಧದಷ್ಟು. ಮೂರು ಪ್ಯಾಕಿಂಗ್ ಹಾಳಾದದ್ದು ಅದರಿಂದ.

ಕವರ್ ಡೊಂಕಾಗಿದೆಯಾ ಅಂತ ಅನುಮಾನವಿದ್ದರೆ ದಪ್ಪ ಗಾಜಿನ ಮೇಲೆ ಮಾರಿ ಕೆಳಗೆ ಮಾಡಿ ಇಡಿ. ಫರ್ಸಿ ಕಲ್ಲು ಬೇಡ, ಅದು ನಮ್ಮ ಕಣ್ಣಿಗಷ್ಟೇ ಮಟ್ಟಸ. ಮೂಲೆಗಳನ್ನು ಒತ್ತಿದರೆ ಟಕ್ ಟಕ್ ಅನ್ನಬಾರದು. ಬಸ್ ಟಿಕೆಟಿನ ತುಂಡು ಎಲ್ಲಿಯೂ ಸಲೀಸಾಗಿ ಒಳಗೆ ಜಾರಬಾರದು. ಸ್ವಲ್ಪ ಡೊಂಕಿದ್ದರೆ ಅದೇ ಗಾಜಿಗೆ 400 ನಂಬರಿನ ಪಾಲಿಶ್ ಪೇಪರ್ ಅಂಟಿಸಿ, ನೀರು ಹಾಕಿ, ಕವರನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ತಿಕ್ಕಬಹುದು. ಕವರನ್ನು ಮಾತ್ರ, ಅದೂ ಒಳಗಿನ ಬೇರಿಂಗ್, ಸೀಲ್ ತೆಗೆದು. ತಿಕ್ಕಿದ ಮೇಲೆ ಪುಡಿ ಒಂದಿಷ್ಟೂ ಉಳಿಯದ ಹಾಗೆ ತೊಳೆದು ಒಣಗಿಸಿ.

ಕೊನೆಗೆ ಬೋಲ್ಟ್ ತೂತುಗಳು. ಬಟ್ಟೆಯನ್ನು ಬತ್ತಿಯ ಹಾಗೆ ಹೊಸೆದು ಪ್ರತಿ ತೂತಿಗೂ ಹಾಕಿ ತಿರುಗಿಸಿ, ಒಳಗಿನ ಆಯಿಲ್ ಹೀರಿಸಿ. ತಳ ಮುಚ್ಚಿದ ತೂತಿನಲ್ಲಿ ಆಯಿಲ್ ನಿಂತಿದ್ದು ಬೋಲ್ಟ್ ಇಳಿಸಿದರೆ ಆಯಿಲ್ಲಿಗೆ ಹೋಗಲು ದಾರಿ ಇರುವುದಿಲ್ಲ. ಒತ್ತಡಕ್ಕೆ ಕೇಸಿಂಗೇ ಸೀಳಬಹುದು.

ಕವರ್ ತೆರೆದಾಗಲೇ, ನಿಮ್ಮ ಎಂಜಿನ್ನಿನಲ್ಲಿ ಆಯಿಲ್ ಜಾಲರಿ ಇದ್ದರೆ ಎಳೆದು ತೊಳೆದುಬಿಡಿ. ಮತ್ತೆ ಯಾವಾಗ ತೆರೆಯುತ್ತೀರೋ ಏನೋ.

ಪ್ಯಾಕಿಂಗ್, ಮತ್ತು ಅನಾಬಾಂಡ್ ಹಚ್ಚುವ ಚಟ

ಕಾಗದದ ಹಳೇ ಪ್ಯಾಕಿಂಗ್ ಮತ್ತೆ ಹಾಕಬೇಡಿ, ಇಡಿಯಾಗಿ ಬಂದಿದ್ದರೂ. ಒಮ್ಮೆ ಒತ್ತಿಸಿಕೊಂಡ ಕಾಗದ ಮತ್ತೆ ಉಬ್ಬುವುದಿಲ್ಲ.

ಹೊಸದನ್ನು ಮೊದಲು ಒಣಗಿದ ಹಾಗೇ ಎಂಜಿನ್ ಮೇಲೆ ಇಟ್ಟು ತೂತು ತಾಳೆ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಒಂದು ಮೋಜು ನಡೆಯುತ್ತದೆ. ಅಂಗಡಿಯ ಗೋಡೆಗೆ ತಿಂಗಳುಗಟ್ಟಲೆ ನೇತು ಬಿದ್ದ ಪ್ಯಾಕಿಂಗ್ ಒಣಗಿ ಕುಗ್ಗಿರುತ್ತದೆ, ಒಂದು ಕಡೆ ತೂತು ಕೂಡಿಸಿದರೆ ಇನ್ನೊಂದು ಕಡೆ ಎರಡು ಮಿಲಿಮೀಟರ್ ದೂರ. ತಪ್ಪು ಮಾಡೆಲ್ ಕೊಟ್ಟರು ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಬಿಟ್ಟು, ಬಟ್ಟೆಯ ನಡುವೆ ಒತ್ತಿ ತೇವ ತೆಗೆದು ನೋಡಿ. ಮತ್ತೆ ಹಿಗ್ಗಿ ಸರಿ ಹೊಂದುತ್ತದೆ. ಸಾದಾ ಕಾಗದಕ್ಕೆ ಮಾತ್ರ ಈ ಮಾತು, ಲೋಹ ಅಥವಾ ರಬ್ಬರ್ ಲೇಪ ಇರುವುದಕ್ಕಲ್ಲ.

ಮಾರಿ ಸ್ವಚ್ಛ ಇದ್ದರೆ ಕಾಗದದ ಪ್ಯಾಕಿಂಗಿಗೆ ಸೀಲಂಟ್ ಬೇಕಿಲ್ಲ. ಕವರಿನ ಬದಿಗೆ ಬೆರಳ ತುದಿಯಷ್ಟು ಗ್ರೀಸನ್ನು ತೆಳ್ಳಗೆ ಸವರಿದರೆ ಮುಂದಿನ ಸಲ ಹರಿಯದೆ ಬಿಟ್ಟು ಬರುತ್ತದೆ. ಎಂಜಿನ್ನಿನ ಎರಡು ಹೋಳು ಕೂಡುವ ಗೆರೆ ಮಾರಿಯನ್ನು ದಾಟುವ ಕಡೆ ಮಾತ್ರ ಅಕ್ಕಿ ಕಾಳಿನಷ್ಟು ಅನಾಬಾಂಡ್ ಇಡುವುದುಂಟು. ಸುತ್ತಲೂ ಹಗ್ಗದ ಹಾಗೆ ಸುರಿದರೆ ಹೊರಗೆ ಉಬ್ಬಿದ್ದು ನಿಮಗೆ ಕಾಣುತ್ತದೆ, ಅಷ್ಟೇ ಒಳಗೂ ಉಬ್ಬಿರುತ್ತದೆ. ಅದು ಕಳಚಿ ಆಯಿಲ್ಲಿನಲ್ಲಿ ತೇಲಿ ಜಾಲರಿಗೆ ಅಡ್ಡ ಕೂತರೆ ಎಂಜಿನ್ನಿಗೆ ಆಯಿಲ್ ಬರುವುದೇ ಕಡಿಮೆಯಾಗುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ ಕಟ್ಟಿಸಿಕೊಳ್ಳುವ ದಾರಿ ಇದು.

ಕವರ್ ಕೂರುತ್ತಲೇ ಇಲ್ಲ

ಬಹಳ ಜನ ಸೋಲುವುದು ಇಲ್ಲಿ. ಪ್ಯಾಕಿಂಗನ್ನು ಡೋವೆಲ್ ಪಿನ್ನಿಗೆ ಸಿಕ್ಕಿಸಿರುತ್ತೀರಿ, ಕವರ್ ತರುತ್ತೀರಿ, ಅಷ್ಟರಲ್ಲಿ ಪ್ಯಾಕಿಂಗ್ ಕೆಳಗೆ ಜೋತು ಬೀಳುತ್ತದೆ. ಇದಕ್ಕೆ ಸುಲಭ ಉಪಾಯ: ಹಳೇ ಉದ್ದದ 6 ಎಂಎಂ ಬೋಲ್ಟ್ ಎರಡರ ತಲೆ ಕತ್ತರಿಸಿ, ತುದಿ ನಯ ಮಾಡಿ, ಎದುರು ಬದುರು ಎರಡು ತೂತಿಗೆ ಕೈಯಲ್ಲಿ ತಿರುಗಿಸಿ ನಿಲ್ಲಿಸಿ. ಪ್ಯಾಕಿಂಗೂ ಕವರೂ ಅವುಗಳ ಮೇಲೆ ಜಾರಿಕೊಂಡು ನೇರವಾಗಿ ಹೋಗುತ್ತವೆ. ಬೇರೆ ಬೋಲ್ಟ್ ಹಾಕಿದ ಮೇಲೆ ಇವನ್ನು ತೆಗೆದರಾಯಿತು.

ಕಿಕ್ ಶಾಫ್ಟಿನ ಹಲ್ಲುಗಳಿಗೆ ತೆಳು ಟೇಪ್ ಸುತ್ತಿ ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಹೊಸ ಸೀಲಿನ ತುಟಿ ಅಲ್ಲೇ ಕೊಯ್ದು ಹೋಗುತ್ತದೆ.

ಈಗ ಕವರನ್ನು ಎರಡೂ ಕೈಯಿಂದ ಒತ್ತಿ. ಬೋಲ್ಟ್ ಇಲ್ಲದೆ, ಬರೀ ಕೈಯಲ್ಲಿ ಮತ್ತು ನಾಲ್ಕು ಮೆತ್ತನೆ ಪೆಟ್ಟಿನಲ್ಲಿ ಕವರ್ ಪ್ಯಾಕಿಂಗ್ ಮುಟ್ಟಬೇಕು. ಸುತ್ತಲೂ. ಒಂದು ಬದಿ ಎರಡು ಮೂರು ಮಿಲಿಮೀಟರ್ ಎದ್ದು ನಿಂತರೆ ಬೋಲ್ಟಿನಿಂದ ಎಳೆದು ಕೂರಿಸಲು ಹೋಗಬೇಡಿ. ಒಳಗೆ ಯಾವುದೋ ಅಡ್ಡ ಇದೆ. ಕವರ್ ಸೀಳುವುದು ಹೀಗೆ ಎಳೆದಾಗಲೇ.

ಅಡ್ಡ ಏನಿರಬಹುದು? ಡೋವೆಲ್ ಪಿನ್ ಓರೆಯಾಗಿರಬಹುದು, ತುಕ್ಕು ಹಿಡಿದಿರಬಹುದು. ತೆಗೆದು ಉಜ್ಜಿ, ಒಂದು ಹನಿ ಆಯಿಲ್ ಸವರಿ ಮತ್ತೆ ಹಾಕಿ. ಕ್ಲಚ್ ಒತ್ತುವ ಭಾಗ ಕವರಿನಲ್ಲಿ ಇರುವ ಗಾಡಿಯಾದರೆ ಹೊರಗಿನ ಕ್ಲಚ್ ಲಿವರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸುತ್ತಾ ಕವರ್ ಒತ್ತಿ, ಒಂದು ಕೋನದಲ್ಲಿ ಅದು ತಾನೇ ಒಳಗೆ ಬೀಳುತ್ತದೆ. ಗೇರಿನ ಹಲ್ಲು ಹಲ್ಲಿಗೆ ತಾಗಿ ನಿಂತಿದ್ದರೆ ಕಿಕ್ ಶಾಫ್ಟನ್ನು ಒಂದಿಷ್ಟು ತಿರುಗಿಸಿ ನೋಡಿ. ಶಾಫ್ಟ್ ಮೇಲಿನ ವಾಷರ್ ಒಂದು ಜಾರಿ ಅಡ್ಡ ನಿಂತಿರಬಹುದು. ಅನುಮಾನ ಬಂದರೆ ಕವರ್ ಮತ್ತೆ ತೆಗೆದು ಫೋಟೋ ಜೊತೆ ಹೋಲಿಸಿ. ನಾನು ಒಮ್ಮೆ ಇದನ್ನು ಏಳು ಸಲ ಮಾಡಿದ್ದೇನೆ. ಏಳನೇ ಸಲ "ಚುಕ್" ಅಂತ ಮೆತ್ತಗೆ ಕೂತಿತು, ಮತ್ತು ಆ ಸಪ್ಪಳ ಕೇಳಿದ ಮೇಲೆ ಬೋಲ್ಟಿಗೆ ಹೆಚ್ಚು ಕೆಲಸವೇ ಇರಲಿಲ್ಲ.

ಬಿಗಿ ಮಾಡುವುದು

ಎಲ್ಲ ಬೋಲ್ಟುಗಳನ್ನೂ ಅವುಗಳ ತೂತಿಗೆ ಸಡಿಲವಾಗಿ ಇಡಿ. ಬಿಗಿ ಮಾಡುವ ಮೊದಲು ಪಕ್ಕದಿಂದ ನೋಡಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಎದ್ದಿರಬೇಕು. ಒಂದು ಜಾಸ್ತಿ ಎದ್ದಿದ್ದರೆ ಅದರ ಜಾಗ ಅದಲ್ಲ. ಆಮೇಲೆ ಎಲ್ಲವನ್ನೂ ಬೆರಳಿನಿಂದಲೇ ತಿರುಗಿಸಿ ಇಳಿಸಿ. ಬೆರಳಿಗೆ ತಿರುಗದ ಬೋಲ್ಟ್ ಓರೆ ಹೋಗುತ್ತಿದೆ, ಹಿಂದಕ್ಕೆ ತೆಗೆಯಿರಿ.

ಈಗ ಟಿ ಪಾನಾ. ಒಂದು ಬೋಲ್ಟ್, ಆಮೇಲೆ ಅದರ ಎದುರಿನದು, ಆಮೇಲೆ ಅಡ್ಡಡ್ಡ. ಒಂದು ಸುತ್ತಿನಲ್ಲಿ ಮುಗಿಸಬೇಡಿ, ಮೂರು ಸುತ್ತು ಬನ್ನಿ. ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನೋಡಿದ್ದರೆ ಗೊತ್ತಾಗುತ್ತದೆ, ಒಂದೇ ಕಡೆ ಬಡಿದರೆ ಅಲ್ಲಿ ತೆಳ್ಳಗಾಗಿ ಅಂಚು ಸೀಳುತ್ತದೆ. 6 ಎಂಎಂ ಬೋಲ್ಟಿನ ಥ್ರೆಡ್ ಒಂದು ಪೂರ್ತಿ ಸುತ್ತಿಗೆ 1 ಮಿಲಿಮೀಟರ್ ಇಳಿಯುತ್ತದೆ. ಕಾಲು ಸುತ್ತು ಅಂದರೆ ಪ್ಯಾಕಿಂಗಿನ ಅರ್ಧ ದಪ್ಪ! ಹಾಗಾಗಿ ಕೊನೆಯ ಕಾಲು ಸುತ್ತು ಬಹಳ ಎಚ್ಚರದಿಂದ.

ಇಂಥ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಟಾರ್ಕ್ ಪಾನಾ ಇಲ್ಲದವರಿಗೆ ಹೇಳುವುದಾದರೆ, 10 ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ 10 ಕಿಲೋ ಭಾರ ಬಿದ್ದಷ್ಟು. ಟಿ ಪಾನಾವನ್ನು ಬೆರಳುಗಳಲ್ಲಿ ಹಿಡಿದು ಮಣಿಕಟ್ಟಿನಿಂದ ತಿರುಗಿಸಿ. ಭುಜ ಬಳಸಿದಿರೋ, ಥ್ರೆಡ್ ಹೋಯಿತು.

ಹೋದರೆ ಏನು ಮಾಡುವುದು? ತೂತಿನ ಆಳದಲ್ಲಿ ಥ್ರೆಡ್ ಇನ್ನೂ ಉಳಿದಿದ್ದರೆ ಸ್ವಲ್ಪ ಉದ್ದದ ಬೋಲ್ಟ್ ಹಿಡಿಯಬಹುದು, ತಳ ಮುಟ್ಟದಂತೆ ಅಳೆದು ಹಾಕಿ. ಇಲ್ಲದಿದ್ದರೆ ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ ಹಾಕಿಸಿ. ಅದು ಉಕ್ಕಿನ ಥ್ರೆಡ್, ಮೊದಲಿನದಕ್ಕಿಂತ ಗಟ್ಟಿ. ಬೋಲ್ಟಿಗೆ ಎಂ-ಸೀಲ್ ಮೆತ್ತಿ ಕೂರಿಸುವವರಿಗೆ ದೂರದಿಂದಲೇ ನಮಸ್ಕಾರ.

ಮೇಲಿನ ಹೆಡ್ ಕವರ್ ಆದರೆ

ಬಹಳ ಗಾಡಿಗಳಲ್ಲಿ ಅಲ್ಲಿ ಕಾಗದ ಇರುವುದಿಲ್ಲ, ತೋಡಿನಲ್ಲಿ ಕೂರುವ ರಬ್ಬರ್ ಇರುತ್ತದೆ. ಮೆತ್ತಗಿದ್ದು ದುಂಡಗೆ ಉಳಿದಿದ್ದರೆ ತೊಳೆದು ಮತ್ತೆ ಹಾಕಬಹುದು. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಗಿದ್ದರೆ ಬದಲಿಸಿ. ತೋಡಿನಲ್ಲಿ ಆಯಿಲ್ ಇದ್ದರೆ ರಬ್ಬರ್ ಜಾರಿ ಹೊರಬರುತ್ತದೆ, ಒಣಗಿಸಿ. ಆದರೂ ನಿಲ್ಲದಿದ್ದರೆ ಮೂರು ನಾಲ್ಕು ಕಡೆ ಹೊಲಿಗೆ ದಾರದಿಂದ ಕವರಿಗೆ ಸಡಿಲವಾಗಿ ಕಟ್ಟಿ, ಕವರ್ ಜಾಗಕ್ಕೆ ಬಂದ ಮೇಲೆ, ಬಿಗಿ ಮಾಡುವ ಮೊದಲು, ದಾರ ಕತ್ತರಿಸಿ ಎಳೆದುಬಿಡಿ. ಆ ಬೋಲ್ಟುಗಳಿಗೆ ಸಾಮಾನ್ಯವಾಗಿ ಒಂದು ಮೆಟ್ಟಿಲು ಇರುತ್ತದೆ, ಅದು ತಳ ಮುಟ್ಟಿದ ಮೇಲೆ ಎಷ್ಟು ತಿರುಗಿಸಿದರೂ ರಬ್ಬರ್ ಇನ್ನಷ್ಟು ಒತ್ತುವುದಿಲ್ಲ. ಬೋಲ್ಟ್ ಮುರಿಯುತ್ತದೆ ಅಷ್ಟೆ.

ಆಯಿಲ್ ಹಾಕಿ ನೋಡುವುದು

ತುರುಕಿದ ಬಟ್ಟೆ ಎಲ್ಲ ಹೊರಗೆ ಬಂದಿತ್ತಾ ಅಂತ ಗೋಡೆಯ ಲೆಕ್ಕ ನೋಡಬೇಕಾದದ್ದು ಕವರ್ ಮುಚ್ಚುವ ಮೊದಲು; ಇಲ್ಲಿ ನೆನಪಾದರೆ ತಡವಾಯಿತು. ಕ್ಲಚ್ ಕೇಬಲ್ಲಿನ ಸಡಿಲ ಸರಿಪಡಿಸಿ, ಬ್ರೇಕ್ ಪೆಡಲ್ ಹಾಕಿ ಬ್ರೇಕ್ ಹಿಡಿಯುತ್ತದಾ ನೋಡಿ, ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಅನಾಬಾಂಡ್ ಬಳಸಿದ್ದರೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಆಮೇಲೆ ಆಯಿಲ್ ಹಾಕಿ. ಎಂಜಿನ್ ಐದು ನಿಮಿಷ ಓಡಿಸಿ, ಆರಿಸಿ, ಸ್ವಲ್ಪ ಬಿಟ್ಟು ಮಟ್ಟ ನೋಡಿ. ಮತ್ತೆ ಪೌಡರ್ ಉದುರಿಸಿ ಒಂದು ಸುತ್ತು ಹೋಗಿ ಬನ್ನಿ.

ಮಾರನೇ ದಿನ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಪಾನಾ ಹಿಡಿದು ಎಲ್ಲ ಬೋಲ್ಟುಗಳನ್ನೂ ಒಮ್ಮೆ ಮುಟ್ಟಿ ನೋಡಿ. ಹೊಸ ಕಾಗದ ಬಿಸಿಯಾಗಿ ತಣ್ಣಗಾದಾಗ ಸ್ವಲ್ಪ ಕೂರುತ್ತದೆ, ಒಂದೆರಡು ಬೋಲ್ಟ್ ಕೂದಲೆಳೆಯಷ್ಟು ತಿರುಗಬಹುದು. ಬಿಸಿ ಎಂಜಿನ್ನಿನಲ್ಲಿ ಇದನ್ನು ಮಾಡಬೇಡಿ. ಹಳೇ ಆಯಿಲ್ಲನ್ನು ಚರಂಡಿಗೆ ಸುರಿಯದೆ ಡಬ್ಬದಲ್ಲಿ ಮುಚ್ಚಿ ಗ್ಯಾರೇಜಿಗೆ ಕೊಡಿ, ಅವರಲ್ಲಿ ಸಂಗ್ರಹಿಸುವ ಡ್ರಮ್ ಇರುತ್ತದೆ. ಅದನ್ನೇ ಚೈನಿಗೆ ಹಚ್ಚುವವರೂ ಇದ್ದಾರೆ, ನಮ್ಮ ಧೂಳಿಗೆ ಅದು ಒಂದೇ ದಿನದಲ್ಲಿ ಚೈನನ್ನು ಪಾಲಿಶ್ ಪೇಪರ್ ಮಾಡಿಬಿಡುತ್ತದೆ.